ಕುಂಕುಮ ಇಟ್ಟ ಡಿಸ್ಕು

ನನ್ನ ಹೊಟ್ಟೆಯಲ್ಲಿ ಹುಟ್ಟಿ ನನಗಿಂತ ಮೊದಲೇ ಎದ್ದು ಹೋದ ಮಗಳೇ, ಸುಶೀ,

ನಾಲ್ಕನೇ ಇಯತ್ತೆ ಕಲಿತವಳ ಅಕ್ಷರ, ಕಾಗೆ ಕಾಲು ಎಂದು ನಗಬೇಡ. ಇದನ್ನು ಬೇರೆಯವರ ಕೈಲಿ ಬರೆಸಲಾರೆ.

ಅಮೀರ್‌ಪೇಟೆಯಲ್ಲಿ ನೀನೂ ನಿನ್ನ ಗಂಡನೂ ಅಂಗಡಿ ಇಟ್ಟ ದಿನ ನೆನಪಿದೆಯೇ? ದೊಡ್ಡ ಕಂಪನಿಯವರು ಬೇಡವೆಂದು ತೆಗೆದುಹಾಕಿದ ಭಾರೀ ಕಂಪ್ಯೂಟರುಗಳನ್ನು ನೀನು ಆಟೋದಲ್ಲಿ ಹೇರಿಕೊಂಡು ಬಂದಿದ್ದೆ. "ಗುಜರಿ ಅಂಗಡಿ ಇಡಾಕ ಇಷ್ಟು ಕಲ್ತೇನ?" ಎಂದು ನಾನು ಬೈದೆ. ನೀನು ನಕ್ಕೆ. "ಯವ್ವಾ, ಒಳಗಿನ ಹಾರ್ಡ್ ಡಿಸ್ಕ್ ಇನ್ನೂ ಗಟ್ಟಿ ಐತಿ. ಬ್ಯಾರೆ ಡಬ್ಬಿಗೆ ಹಾಕಿ ಕೊಟ್ರ ಹಾಸ್ಟೆಲ್ ಹುಡುಗ್ರು ಅದ್ರಾಗ ಕಲೀತಾರ." ಹಳೆಯದನ್ನೆಲ್ಲ ಅಳಿಸಿ, ಖಾಲಿಯಾದ ಡಿಸ್ಕಿನ ಮೇಲೆ ನೀನು ಕುಂಕುಮದ ಬೊಟ್ಟು ಇಡುತ್ತಿದ್ದೆ. ಬೊಟ್ಟು ಇದ್ದರೆ ಬೇರೆ ಕಂಪ್ಯೂಟರಿಗೆ ಹೋಗಲು ತಯಾರು ಎಂದರ್ಥ. ಅದಕ್ಕೇ ನವರಾತ್ರಿಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಗೆ ಮಾತ್ರ ಎಲ್ಲಕ್ಕೂ ಕುಂಕುಮ ಬಿಟ್ಟು ಅರಿಶಿನ ಹಚ್ಚುತ್ತಿದ್ದೆ.

ಆಸ್ಪತ್ರೆಗೆ ಹೋಗುವ ಮುಂಚೆ ಮೈಕಿನ ಮುಂದೆ ಕೂತು ನಿನ್ನ ಮಗಳು ಪುಟ್ಟಿಗಾಗಿ ಗುಬ್ಬಿಯ ಕಥೆ ಹೇಳಿ ಒಂದು ಡಿಸ್ಕಿನಲ್ಲಿ ಇಟ್ಟೆಯಲ್ಲ? ನಡುನಡುವೆ ನಿನ್ನ ಕೆಮ್ಮು. ನನಗೆ ಬೈದದ್ದೂ ಅದರಲ್ಲೇ ಇತ್ತು: "ಯವ್ವಾ, ಒಗ್ಗರಣಿ ಆಮ್ಯಾಲ ಹಾಕ, ಸಪ್ಪಳ ಬರತೈತಿ!" ಪುಟ್ಟಿ ಶಾಲೆಯಿಂದ ಬಂದವಳೇ ಚೀಲ ಒಗೆದು ಅದನ್ನು ಕೇಳುತ್ತಾ ಕೂರುತ್ತಿದ್ದಳು. ಬೈಗುಳದ ಹತ್ತಿರ ಬಂದಾಗ ನನ್ನ ಕಡೆ ನೋಡಿ ನಗುತ್ತಿದ್ದಳು.

ನೀನಿಲ್ಲದ ಮೊದಲ ಖಂಡೆ ಪೂಜೆ. ಕಂಪ್ಯೂಟರ್ ಕೆಟ್ಟಿತ್ತೆಂದು ನಿನ್ನ ಗಂಡ ಆ ಡಿಸ್ಕನ್ನು ಬಿಚ್ಚಿ ನಿನ್ನ ಫೋಟೋದ ಮುಂದೆ ಇಟ್ಟ. ಮುತ್ತೈದೆಯಾಗಿ ಹೋದವಳೆಂದು ಫೋಟೋಕ್ಕೂ ಡಿಸ್ಕಿಗೂ ಕುಂಕುಮ ಇಟ್ಟ. ಮಾರನೇ ದಿನ ಪೂಜೆ ಎತ್ತುವಾಗ ಅದು ಉಳಿದ ಬೊಟ್ಟಿನ ಡಿಸ್ಕುಗಳ ಜೊತೆ ಸೇರಿತು. ಗಿರಾಕಿ ಬಂದಾಗ ಅವನೇ ತೆಗೆದು, ಹೊಸದೆಲ್ಲ ತುಂಬಿಸಿ, ಬೇರೆ ಕಂಪ್ಯೂಟರಿಗೆ ಹಾಕಿ ಕೊಟ್ಟ. ಆಮೇಲೆ ಅದು ನಿನ್ನ ಕಥೆಯ ಡಿಸ್ಕೆಂದು ತಿಳಿದು, ಹುಡುಕಿ ವಾಪಸ್ ತಂದ. ಏನೇನೋ ಮಾಡಿ ನೋಡಿದ. ಒಳಗೆ ಯಾರದೋ ಪಾಠ, ಯಾವುದೋ ತೆಲುಗು ಹಾಡು.

"ಅತ್ತಿ, ಮ್ಯಾಲ ಬ್ಯಾರೆ ಬರದ್ರ ತಳಗಿಂದು ಸಿಗಂಗಿಲ್ರಿ. ನನ್ನ ಕೈಯಾರ ನಾನ..." ಎಂದವನು ಡಿಸ್ಕನ್ನು ಮತ್ತೆ ನಿನ್ನ ಫೋಟೋದ ಮುಂದೆ ಇಟ್ಟ. ಅವನಿಗೆ ನಾನು ಬೈಯದ ಬೈಗುಳ ಇದೆಯೇ? ಅಂದು ಮಾತ್ರ ತಟ್ಟೆ ಹಾಕಿ ಊಟಕ್ಕೆ ಕರೆದೆ.

ನಿನ್ನೆ ಸಂಜೆ ಪುಟ್ಟಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ತಡೆಯಲಾರದೆ ನಾನೇ ಗುಬ್ಬಿಯ ಕಥೆ ಶುರು ಮಾಡಿದೆ. ಓಡಿ ಬಂದು ನನ್ನ ಬಾಯಿ ಮುಚ್ಚಿದಳು.

"ಆಯಿ, ನೀ ಹೇಳಬ್ಯಾಡ. ನನ್ನ ಕಿವ್ಯಾಗ ಅವ್ವಂದು ಇನ್ನಾ ಚೂರು ಐತಿ. ನಿಂದು ಅದರ ಮ್ಯಾಲ ಕುಂತ್ರ..."

ಅಂಗಡಿಯಲ್ಲಿ ಬೆಳೆದ ಮಗು, ಸುಶೀ. ಅದಕ್ಕೆ ಯಾರು ತಿಳಿಸಿ ಹೇಳಬೇಕಿತ್ತು?

ಬಾಯಿ ಮುಚ್ಚಿ ಗೊತ್ತಿಲ್ಲದ ನಿನ್ನ ಅವ್ವ ಮಾತು ಕೊಡುತ್ತಿದ್ದೇನೆ. ಆ ಕಥೆ ನನ್ನ ಬಾಯಿಂದ ಇನ್ನು ಬರುವುದಿಲ್ಲ. ಒಗ್ಗರಣೆಯನ್ನೂ ಅವಳು ಶಾಲೆಗೆ ಹೋದ ಮೇಲೆಯೇ ಹಾಕುತ್ತೇನೆ.