ಕಪ್ಪು ದಾರಿಗೆ ಬಣ್ಣ

ಟ್ರೌಡ್ಲ್ ಅಕ್ಕ,

ಇವತ್ತು ನಿನ್ನ ಮಗಳು ಲೆನಿ ಬೆಟ್ಟದ ಎಲ್ಲಕ್ಕಿಂತ ಕಷ್ಟದ ದಾರಿಗೆ, ಆ ಕಪ್ಪು ಫಲಕದ ದಾರಿಗೆ ಹೋಗಿದ್ದಳು. ನೀನು ಅಲ್ಲಿ ಬಿದ್ದು ತೀರಿಕೊಂಡ ಮೇಲೆ ದಾರಿ ತೋರಿಸುವ ಗುರುತುಗಳಿಗೆ ಯಾರೂ ಬಣ್ಣ ಹಚ್ಚಿರಲಿಲ್ಲ. ಬಂಡೆಗಳ ಮೇಲಿನ ಕೆಂಪು ಬಿಳಿ ಪಟ್ಟಿಗಳು ಮಾಸಿಹೋಗಿದ್ದವು. ಊರಿನವರು ಚರ್ಚಿನ ಅಂಗಳದಲ್ಲಿ ಬಣ್ಣ ಹಚ್ಚಲು ದಾರಿಗಳನ್ನು ಹಂಚಿಕೊಳ್ಳುವಾಗ ಈ ದಾರಿಗೆ ಇವಳೇ ಕೈ ಎತ್ತಿದಳಂತೆ. ನನಗೆ ಹೇಳಿದ್ದು ಬೆಳಿಗ್ಗೆ, ಬೂಟಿನ ದಾರ ಕಟ್ಟುತ್ತಾ.

"ಸರೋವರದ ದಂಡೆಯ ಸುಲಭದ ನೀಲಿ ದಾರಿ ತಗೋಬಹುದಿತ್ತಲ್ಲೇ," ಅಂದೆ.

"ಅದು ತಳ್ಳುಗಾಡಿಯಲ್ಲಿ ಕೂರೋ ಮಕ್ಕಳಿಗೆ. ಮತ್ತೆ ನಿನಗೆ, ಚಿಕ್ಕಮ್ಮ," ಅಂತ ನಕ್ಕಳು.

ಮಧ್ಯಾಹ್ನ ಮಂಜು ಇಳಿಯಿತು. ಮೊದಲು ಬಂಡೆ ಮರೆಯಾಯಿತು, ಆಮೇಲೆ ಕಾಡು. ದಾರಿ ಶುರುವಾಗುವ ಬೇಲಿಯ ಬಳಿ ನಿಂತೆ. ಅವಳ ಹೆಸರು ಕೂಗಲಿಲ್ಲ. ಕೂಗಿದರೆ ಉತ್ತರ ಬಾರದೇ ಹೋಗಬಹುದಲ್ಲ. ಮೇಲೆಲ್ಲೋ ಕಲ್ಲು ಉರುಳಿದಾಗಲೆಲ್ಲ ಬೇಲಿ ಹಿಡಿದುಕೊಂಡೆ.

ಸಂಜೆಗೆ ಬಂದಳು. ಮೊಣಕಾಲು ತರಚಿತ್ತು, ಕೂದಲಿಗೆಲ್ಲ ಬಿಳಿ ಬಣ್ಣ ಮೆತ್ತಿತ್ತು.

"ಅಮ್ಮ ಬಿದ್ದ ತಿರುವಿನಲ್ಲಿ ಗುರುತು ದೊಡ್ಡದಾಗೇ ಹಾಕಿದೀನಿ. ಇನ್ನು ಮಂಜಲ್ಲೂ ಕಾಣತ್ತೆ," ಅಂದಳು. "ಮೇಲಿನರ್ಧ ಬಾಕಿ ಇದೆ. ಬಂಡೆಗೆ ಹಾಕಿರೋ ಸರಪಳಿ ಹಿಡಿದು ಹತ್ತಬೇಕು, ಬಣ್ಣದ ಡಬ್ಬಿ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕು. ನಾಳೆ ಬರ್ತೀಯಾ?"

ಇನ್ನೊಂದು ದಿನ ಆ ಬೇಲಿಯ ಬಳಿ ನಿಲ್ಲಲಾರೆ. ಬರ್ತೀನಿ ಅಂದುಬಿಟ್ಟೆ.

ನೀನು ಆ ದಾರಿಗೆ ಕರೆದಾಗಲೆಲ್ಲ ನನಗೆ ಮನೆಯಲ್ಲಿ ಏನಾದರೊಂದು ಕೆಲಸ ಇರುತ್ತಿತ್ತು. ಎಲ್ಲಿ ಕಲ್ಲು ಜಾರುತ್ತದೆ, ಎಲ್ಲಿ ಕೆಳಗೆ ನೋಡಬಾರದು, ಒಂದನ್ನೂ ನಿನ್ನನ್ನು ಕೇಳಿಟ್ಟುಕೊಳ್ಳಲಿಲ್ಲ.