ಮರದ ಕತ್ತಿ ನನ್ನ ಕೈಗೆ ಬಂತು

ಅಕ್ಕಾ,

ನೀನು ಮನೆ ಬದಲಾಯಿಸಿದೆಯೆಂದು ಅಮ್ಮ ಹೇಳಿದಳು. ಹೊಸ ವಿಳಾಸ ಅವಳೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಆದರೂ ಇದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಇವತ್ತು ಜೋಡೊ ತರಗತಿಯಲ್ಲಿ ಗುರುಗಳು ನನ್ನ ಕೋಲು ತೆಗೆದುಕೊಂಡು, ನೀನು ಬಿಟ್ಟುಹೋದ ಮರದ ಕತ್ತಿಯನ್ನು ಕೈಗಿತ್ತರು. ನನ್ನ ಕೋಲಿನ ಏಟಿಗೆ ಬಿದ್ದ ನಗ್ಗುಗಳು ಅದರ ಮೇಲೆ ಹಾಗೇ ಇವೆ. ಆ ಜಪಾನೀ ಕೋಲುವಿದ್ಯೆಯ ಕಟ್ಟಳೆ ನಿನಗೇ ಗೊತ್ತಲ್ಲ: ಜೋಡಿಯಲ್ಲಿ ಹಿರಿಯರದು ಕತ್ತಿ, ಕಿರಿಯರದು ಕೋಲು, ಕೊನೆಗೆ ಸೋಲಬೇಕಾದದ್ದು ಕತ್ತಿಯೇ.

ನನ್ನೆದುರಿಗೆ ಹೊಸದಾಗಿ ಸೇರಿದ ದರ್ಜಿ ಹೆಂಗಸು. ಪಾಪ, ಪೆಟ್ಟಾದೀತೆಂದು ನಾನು ಕತ್ತಿಯನ್ನು ಅವಳ ತಲೆಯ ಪಕ್ಕಕ್ಕೆ ಬೀಸಿದೆ. ಅವಳು ಕೋಲು ಇಳಿಸಿ ರೇಗಿದಳು: "ನೀವು ಗಾಳಿಗೆ ಹೊಡೀತಾ ಇದ್ರೆ ನಾನು ತಪ್ಪಿಸ್ಕೊಳ್ಳೋದು ಕಲಿಯೋದು ಹೇಗೆ?"

ಈ ಸಲ ನೆತ್ತಿಗೇ ಗುರಿಯಿಟ್ಟು ಬೀಸಿದೆ. ಅವಳು ಸರಿದಳು, ಅವಳ ಕೋಲಿನ ತುದಿ ನನ್ನ ಹುಬ್ಬುಗಳ ನಡುವೆ ಬಂದು ನಿಂತಿತು. ಅಲ್ಲಿಂದ ನೋಡಿದರೆ ಕೋಲು ಕಾಣುವುದೇ ಇಲ್ಲ, ಅಕ್ಕಾ. ಹಿಡಿದವರ ಮುಖವಷ್ಟೇ ಕಾಣುತ್ತದೆ. ಎಷ್ಟೊಂದು ಹಿಗ್ಗು ಆ ಮುಖದಲ್ಲಿ!

ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ಗಂಡನಿಗೆ ಫೋನು ಮಾಡಿದಳು: "ಇವತ್ತು ನಾನೇ ಗೆದ್ದೆ, ಗೊತ್ತಾ!"

ನಾನು ಬಗ್ಗಿ ಶೂ ಲೇಸು ಕಟ್ಟುತ್ತಿದ್ದೆ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದೆ. ಆಗೆಲ್ಲ ನಾನು ಅದೇ ಬಾಗಿಲಲ್ಲಿ ನಿಂತು ಅಮ್ಮನಿಗೆ ಫೋನು ಮಾಡಿ ಇದೇ ಮಾತು ಹೇಳುವಾಗ, ನಿನಗೂ ಶೂ ಹಾಕಿಕೊಳ್ಳಲು ಬಹಳ ಹೊತ್ತು ಬೇಕಾಗುತ್ತಿತ್ತು.