ಗೇಟಿನ ಕ್ಯಾಮೆರಾ

ಕಂಪಲಾಪುರ
ಫೆಬ್ರವರಿ ೪

ತಮ್ಮ ಶಿವಶಂಕರನಿಗೆ,

ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. "ಕ್ಯಾಮೆರಾ ಕೆಟ್ಟೋಗದೆ ಕಣಕ್ಕ, ಗೇಟೇ ಕಾಣ್ತಿಲ್ಲ, ಹುಣಸೂರಿಂದ ರಿಪೇರಿಯವನ್ನ ಕಳಿಸ್ತೀನಿ" ಅಂದೆಯಲ್ಲ, ಕಳಿಸಬೇಡ. ಅದು ಕೆಟ್ಟಿಲ್ಲ. ನಾನೇ ಏಣಿ ಹತ್ತಿ ಅದನ್ನು ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಕಡೆಗೆ ತಿರುಗಿಸಿದ್ದೇನೆ.

ನಿನ್ನ ಮೊಬೈಲಿನಲ್ಲಿ ಸರಿಯಾಗಿ ನೋಡು. ಬ್ಯಾರನ್ ಗೋಡೆಯ ನೆತ್ತಿಯ ಮೇಲೆ ಕೂತಿರುವುದು ಜೋಡಿ ಗಿಡುಗ. ಸೊಪ್ಪು ಬೇಯಿಸುವುದು ಮುಗಿದು ಬ್ಯಾರನ್ ತಣ್ಣಗಾದ ಮೇಲೆ ಬಂದವು. ಕಾಗೆಯ ಹಾಗೆ ಇವು ಕಡ್ಡಿ ತರುವುದಿಲ್ಲ. ಅಲ್ಲಿ ಉಳಿದಿದ್ದ ಜಲ್ಲಿಯಲ್ಲಿ ಹೆಣ್ಣು ಎದೆಯೂರಿ, ಕಾಲಿನಿಂದ ಕೆರೆದು ಕುಳಿ ಮಾಡುತ್ತಿದೆ. ಗಂಡು ಪಾರಿವಾಳ ಹಿಡಿದು ತಂದು ಕೊಟ್ಟು, ಸುಮ್ಮನೆ ಪಕ್ಕಕ್ಕೆ ಸರಿಯುತ್ತದೆ. ಇವುಗಳಲ್ಲಿ ಹೆಣ್ಣೇ ದೊಡ್ಡದು. ಇನ್ನು ಹದಿನೈದು ದಿನದಲ್ಲಿ ಮೊಟ್ಟೆ ಇಟ್ಟೀತು. ಈಗ ಹೊಸಬರು ಬಂದು ಸದ್ದು ಮಾಡಿದರೆ ಜಾಗ ಬಿಟ್ಟುಹೋಗುತ್ತವೆ.

ನಿಮ್ಮ ಭಾವ ತೀರಿಕೊಂಡ ಮೇಲೆ ಕಳ್ಳರ ಭಯಕ್ಕೆ ಅಂತ ನೀನು ಕ್ಯಾಮೆರಾ ಹಾಕಿಸಿದೆ. ಎರಡು ವರ್ಷದಲ್ಲಿ ಒಬ್ಬ ಕಳ್ಳನೂ ಬಂದಿಲ್ಲ. ನೀನು ಯಾರಿಗಾಗಿ ಹಾಕಿಸಿದೆ ಎಂಬುದು ನನಗೂ ಗೊತ್ತು. ಗೇಟಿನಲ್ಲಿ ಯಾರು ಬರುತ್ತಾರೆ ಎಂದು ತಿಳಿಯಬೇಕಿದ್ದರೆ ನನ್ನನ್ನೇ ಕೇಳು, ಹೇಳುತ್ತೇನೆ. ರಂಗಸ್ವಾಮಿ ಮೇಷ್ಟ್ರು ಮಂಗಳವಾರ, ಶುಕ್ರವಾರ ಬರುತ್ತಾರೆ. ಕಾಫಿ ಕುಡಿಯುತ್ತಾರೆ, ಗಿಡುಗ ನೋಡುತ್ತಾರೆ.

ಮರಿಯಾದ ಮೇಲೆ ನೀನೂ ಬಾ, ಹೆಂಡತಿಯನ್ನೂ ಕರೆದುಕೊಂಡು ಬಾ. ಅಷ್ಟು ಎತ್ತರಕ್ಕೆ ಅಕ್ಕ ಹೇಗೆ ಹತ್ತಿದಳು ಎಂದು ಗಾಬರಿಯಾಗಬೇಡ. ಕೆಳಗೆ ಏಣಿ ಹಿಡಿದು ನಿಂತಿದ್ದವರು ಮೇಷ್ಟ್ರೇ.

ನಿನ್ನ ಅಕ್ಕ,
ಪ್ರೇಮಕುಮಾರಿ